ಅಪ್ಪನ ಕೈಗೊಂದು ಗ್ಲೌಸ್

“ಉರಿಯುತ್ತೆ, ಸ್ವಲ್ಪ ತಡ್ಕೊಳ್ಳಿ” ಎಂದರು ಡಾಕ್ಟರಮ್ಮ.

ತೇಜಸ್ವಿನಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಔಷಧಿಯ ವಾಸನೆ ಮೂಗಿಗೆ ಬಡಿಯಿತು. ಅಪ್ಪ ಈಗ ‘ಹಾ’ ಅನ್ನುತ್ತಾನೆ, ಇನ್ನೇನು ಅಂದೇಬಿಡುತ್ತಾನೆ ಎಂದು ಕಾದಳು. ಅಪ್ಪ ಏನೂ ಅನ್ನಲಿಲ್ಲ.

ಒಂದು ಕಣ್ಣು ತೆರೆದು ನೋಡಿದಳು. ಅಪ್ಪ ಕಿಟಕಿಯಾಚೆ ನಿಂತ ಬಸ್ಸನ್ನು ನೋಡುತ್ತಾ ಆರಾಮಾಗಿ ಕೂತಿದ್ದ. ಅವನ ಎಡಗೈಯ ತೋರುಬೆರಳು ಡಾಕ್ಟರಮ್ಮನ ಕೈಯಲ್ಲಿತ್ತು. ಬೆರಳಿನ ಗಾಯ ಮೀನಿನ ಕಿವಿರಿನ ಹಾಗೆ ಬಾಯಿ ಬಿಟ್ಟುಕೊಂಡಿತ್ತು.

“ಗಾಳ ಚುಚ್ಚಿ ಎಷ್ಟು ದಿನ ಆಯ್ತು ಸಣ್ಣಸ್ವಾಮಿ?”

“ಮೊನ್ನೆ ಮೇಡಂ.”

“ಇದು ಮೊನ್ನೇದಲ್ಲ. ಬೆರಳು ಜೋಮು ಹಿಡಿಯೋದು, ಮರಗಟ್ಟೋದು ಏನಾದ್ರೂ...”

“ಇಲ್ಲ ಮೇಡಂ, ಇಲ್ಲ. ಚೆನ್ನಾಗೇ ಅದೆ.” ಡಾಕ್ಟರಮ್ಮ ಕೇಳಿ ಮುಗಿಸುವ ಮೊದಲೇ ಅಪ್ಪ ಉತ್ತರ ಕೊಟ್ಟುಬಿಟ್ಟ.

ಡಾಕ್ಟರಮ್ಮ ಬಟ್ಟೆ ಸುತ್ತಿದರು. ಆಮೇಲೆ ಅಪ್ಪನಿಗೂ ತೇಜಸ್ವಿನಿಗೂ ಒಟ್ಟಿಗೇ ಹೇಳುವ ಹಾಗೆ ಹೇಳಿದರು: “ಶುಗರ್ ಇರೋರು ನೀವು. ಬೇರೆಯವರಿಗೆ ಬೇಗ ಮಾಗೋ ಗಾಯ ನಿಮಗೆ ಮಾಗಲ್ಲ. ಈ ಸಲ ಉಳೀತು. ಇನ್ನೊಂದು ಸಲ ಹೀಗೆ ಕೀವು ತುಂಬಿದ್ರೆ ಬೆರಳನ್ನೇ ತೆಗೀಬೇಕಾಗುತ್ತೆ. ಮೀನು ಬಿಡಿಸೋವಾಗ ಗ್ಲೌಸ್ ಹಾಕ್ಕೊಳ್ಳಿ.”

“ಆಯ್ತು ಮೇಡಂ” ಎಂದ ಅಪ್ಪ.

ತೇಜಸ್ವಿನಿಗೆ ಆ ‘ಆಯ್ತು’ ಚೆನ್ನಾಗಿ ಗೊತ್ತು. ಮನೆಯ ಹಂಚು ಸರಿಮಾಡಿ ಎಂದು ಅಮ್ಮ ಹೇಳಿದಾಗಲೂ ಅಪ್ಪ ಹಾಗೆಯೇ ‘ಆಯ್ತು’ ಅನ್ನುತ್ತಾನೆ.

ಬಸ್ಸಿನಲ್ಲಿ ಕೂತ ಮೇಲೆ ಅವಳು ಕೇಳಿದಳು: “ಉರೀಲಿಲ್ವಾ ಅಪ್ಪ?”

“ಇಷ್ಟಕ್ಕೆಲ್ಲ ಉರಿ ಉರಿ ಅಂದ್ರೆ ಗಾಳ ಹಾಕೋಕೆ ಆಯ್ತದಾ ಮಗಾ?”

ತೇಜಸ್ವಿನಿಯ ಎದೆ ಉಬ್ಬಿಹೋಯಿತು. ಮರುದಿನ ಶಾಲೆಯಲ್ಲಿ ಊಟದ ಹೊತ್ತಿಗೆ ಎಲ್ಲರಿಗೂ ಹೇಳಿದಳು. “ಇಷ್ಟುದ್ದ ಗಾಯ ಕಣ್ರೇ. ಔಷಧಿ ಸುರಿದ್ರೂ ನಮ್ಮಪ್ಪ ‘ಹಾ’ ಕೂಡ ಅನ್ಲಿಲ್ಲ.”

“ಹೋಗೇ, ಸುಳ್ಳು!” ಎಂದ ಲೋಹಿತ್. “ನಮ್ಮಪ್ಪಂಗೆ ಇಂಜೆಕ್ಷನ್ ಹೆಸ್ರು ಕೇಳಿದ್ರೇನೇ ಕಣ್ಣಲ್ಲಿ ನೀರು ಬರ್ತದೆ.”

“ನಿಮ್ಮಪ್ಪ ಬೇರೆ, ನಮ್ಮಪ್ಪ ಬೇರೆ” ಎಂದಳು ತೇಜಸ್ವಿನಿ.

ಅಪ್ಪ ಹಾರಂಗಿ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದ. ಸಂಜೆ ಬುಟ್ಟಿಯಂಥ ದುಂಡನೆಯ ತೆಪ್ಪದಲ್ಲಿ ಹೋಗಿ, ಉದ್ದನೆಯ ಹಗ್ಗಕ್ಕೆ ಸಾಲಾಗಿ ದಾರದಿಂದ ಗಾಳ ಕಟ್ಟಿ, ಸಣ್ಣ ಮೀನು ಸಿಕ್ಕಿಸಿ ನೀರಿಗೆ ಬಿಡುತ್ತಿದ್ದ. ಬೆಳಗ್ಗೆ ಹೋಗಿ ಹಗ್ಗ ಎತ್ತುತ್ತಿದ್ದ. ಸಿಕ್ಕಿದ ದೊಡ್ಡ ಮೀನನ್ನು ಎಡಗೈಯಲ್ಲಿ ಅಮುಕಿ ಹಿಡಿದು, ಬಲಗೈಯಲ್ಲಿ ಇಕ್ಕಳ ತಿರುಗಿಸಿ ಗಾಳ ಬಿಡಿಸಬೇಕು. ತೆಪ್ಪ ಅಲ್ಲಾಡುತ್ತಿರುತ್ತದೆ, ಮೀನು ಒದ್ದಾಡುತ್ತಿರುತ್ತದೆ. ಬಾಳೆ ಮೀನಿನ ಬಾಯ್ತುಂಬ ಹಲ್ಲು. ಗಿರ್ಲು ಮೀನಿನ ರೆಕ್ಕೆಯಲ್ಲಿ ಗರಗಸದಂಥ ಮುಳ್ಳು. ಗಾಳದ ಕೊಕ್ಕೆಯಂತೂ ಮೀನು ಯಾವುದು, ಕೈ ಯಾವುದು ಎಂದು ನೋಡುವುದಿಲ್ಲ.

ಆ ಸಂಜೆ ಅಮ್ಮ ಚೆಟ್ಟಳ್ಳಿ ಕಡೆಯ ಎಸ್ಟೇಟಿನ ಕೆಲಸ ಮುಗಿಸಿ ಜೀಪಿನಿಂದ ಇಳಿದು ಬಂದಳು. ಚೀಲದಿಂದ ಒಂದು ಜೊತೆ ಹತ್ತಿ ಗ್ಲೌಸ್ ತೆಗೆದು ಜಗಲಿಯ ಮೇಲೆ ಇಟ್ಟಳು.

“ಲೆಕ್ಕ ಬರೆಯೋ ರೈಟರ್‌ನ ಕೇಳಿ ಇಸ್ಕೊಂಡ್ ಬಂದಿದೀನಿ. ಹಾಕ್ಕೊಳ್ಳಿ.”

“ಗಂಗಮ್ಮ ಕೊಟ್ಟಿದ್ದನ್ನ ಬರಿಗೈಲಿ ಇಸ್ಕೋಬೇಕು ಕಣೇ ಉಷಾ” ಎಂದ ಅಪ್ಪ. “ನಮ್ ತಾತ ಹಂಗೇ ಇಸ್ಕೊಂಡ. ನಮ್ಮಪ್ಪನೂ ಹಂಗೇ.”

“ನಿಮ್ಮಪ್ಪಂಗೆ ಶುಗರ್ ಇತ್ತಾ?”

ಅಪ್ಪ ಗ್ಲೌಸ್ ಎತ್ತಿಕೊಂಡು, ಗೋಡೆಯಲ್ಲಿದ್ದ ಹಳೆ ಗಾಳವೊಂದನ್ನು ಅದರ ಮೇಲೆ ಎಳೆದು ತೋರಿಸಿದ. ಕೊಕ್ಕೆ ನೂಲಿಗೆ ಸಿಕ್ಕಿಕೊಂಡಿತು. ಬಿಡಿಸಲು ಹೋದರೆ ಇನ್ನಷ್ಟು ನೂಲು ಸುತ್ತಿಕೊಂಡಿತು.

“ನೋಡಿದ್ಯಾ? ಆ ಕಡೆ ಮೀನು ಎಳೀತಿದ್ರೆ ಗ್ಲೌಸ್ ಜೊತೆ ನಾನೂ ನೀರಿಗೆ!”

ಅಪ್ಪ ನಕ್ಕ. ಅಮ್ಮ ನಗಲಿಲ್ಲ. ಅಕ್ಕಿ ತೊಳೆಯಲು ಒಳಗೆ ಹೋದಳು. ಪಾತ್ರೆಗಳ ಸದ್ದು ಯಾವತ್ತಿಗಿಂತ ಜೋರಾಗಿ ಕೇಳಿಸಿತು.

ತೇಜಸ್ವಿನಿ ಅಪ್ಪನ ಬಟ್ಟೆ ಸುತ್ತಿದ ಬೆರಳನ್ನೇ ನೋಡುತ್ತಾ ಕೂತಳು. ಇನ್ನೊಂದು ಸಲ ಆದರೆ ಬೆರಳನ್ನೇ ತೆಗೆಯುತ್ತಾರಂತೆ. ಹತ್ತಿಯದು ಆಗದಿದ್ದರೆ ಬೇರೆ ಯಾವುದಾದರೂ ಇರಲೇಬೇಕಲ್ಲ? ಗಾಳಕ್ಕೆ ಸಿಕ್ಕಿಕೊಳ್ಳದ್ದು. ಮೀನು ಜಾರದ್ದು. ಇಕ್ಕಳ ಹಿಡಿಯಲು ಆಗುವಂಥದ್ದು. ಅದನ್ನು ತಾನೇ ಹುಡುಕುತ್ತೇನೆ ಎಂದು ಅವಳು ಅಲ್ಲಿಯೇ ತೀರ್ಮಾನಿಸಿದಳು.

ಭಾನುವಾರ ಪಕ್ಕದ ಮನೆಯ ಮೋಕ್ಷಿತಾ ಪಾತ್ರೆ ತೊಳೆಯುವ ಕಿತ್ತಳೆ ಬಣ್ಣದ ರಬ್ಬರ್ ಗ್ಲೌಸ್ ತಂದಳು. ಲೋಹಿತ್ ತನ್ನ ಮಾವನ ವೆಲ್ಡಿಂಗ್ ಗ್ಲೌಸ್ ತಂದ. ಅದು ಮೊಣಕೈವರೆಗೆ ಬರುತ್ತಿತ್ತು.

“ಈಗ ಮೀನು ಬೇಕಲ್ಲ?” ಎಂದ ಲೋಹಿತ್.

ತೇಜಸ್ವಿನಿ ನೀರು ತುಂಬಿದ ದೊಡ್ಡ ಬಾಟಲಿಗೆ ಲೋಳೆಸರವನ್ನು ಸೀಳಿ ಮೆತ್ತಿದಳು. ಬಾಟಲಿ ನಿಜವಾದ ಮೀನಿನಂತೆ ಲೋಳೆ ಲೋಳೆಯಾಯಿತು. ಮೋಕ್ಷಿತಾ ಅದನ್ನು ಒಂದು ತುದಿಯಲ್ಲಿ ಹಿಡಿದು ಒದ್ದಾಡಿಸಬೇಕು, ತೇಜಸ್ವಿನಿ ಇನ್ನೊಂದು ತುದಿಯಲ್ಲಿ ಹಿಡಿದು ನಿಲ್ಲಿಸಬೇಕು.

“ನಾನು ಬಾಳೆ ಮೀನು, ಹಿಡಿ ನೋಡಣ!” ಎಂದು ಮೋಕ್ಷಿತಾ ಮೈಯೆಲ್ಲ ಕುಣಿಸಿದಳು.

ರಬ್ಬರ್ ಗ್ಲೌಸಿನಲ್ಲಿ ಬಾಟಲಿ ಸರ್ರನೆ ಜಾರಿ ಲೋಹಿತನ ಕಾಲಿನ ಮೇಲೆ ಬಿತ್ತು. “ಅಯ್ಯಪ್ಪಾ!” ಎಂದು ಅವನು ಒಂಟಿಕಾಲಿನಲ್ಲಿ ಕುಣಿದ. ಗಾಳದ ಬದಲಿಗೆಂದು ಕಿತ್ತು ತಂದ ನಿಂಬೆ ಗಿಡದ ಮುಳ್ಳು ತಾಗಿದ್ದೇ ತಡ, ಆ ಗ್ಲೌಸ್ ತೂತಾಯಿತು. ಮೋಕ್ಷಿತಾ ಗಾಬರಿಯಾಗಿ, “ನಮ್ಮಮ್ಮ ಬಯ್ತಾರೆ ಕಣೇ” ಎಂದು ಅದನ್ನು ಲಂಗದೊಳಗೆ ಮುಚ್ಚಿಟ್ಟುಕೊಂಡಳು.

ವೆಲ್ಡಿಂಗ್ ಗ್ಲೌಸಿಗೆ ಮುಳ್ಳು ಏನೂ ಮಾಡಲಿಲ್ಲ. ಆದರೆ ಅದನ್ನು ಹಾಕಿಕೊಂಡರೆ ಬೆರಳು ಮಡಚಲು ಬರುತ್ತಿರಲಿಲ್ಲ. ಬಕೆಟ್ಟಿನಲ್ಲಿ ಅದ್ದಿದ ಮೇಲಂತೂ ನೆನೆದ ಗೋಣಿಚೀಲದಷ್ಟು ಭಾರವಾಯಿತು.

ತಿಂಗಳ ಮೇಲೆ ಅಪ್ಪನ ಬೆರಳು ಹೇಗೋ ಮಾಗಿತು. “ನಾಳೆಯಿಂದ ನೀರಿಗೆ ಹೋಯ್ತೀನಿ” ಎಂದ ಅಪ್ಪ. ಅವತ್ತೇ ತೇಜಸ್ವಿನಿ ಹಟ ಹಿಡಿದು ಅಮ್ಮನನ್ನು ಕುಶಾಲನಗರಕ್ಕೆ ಕರೆದುಕೊಂಡು ಹೋದಳು.

ಹಾರ್ಡ್‌ವೇರ್ ಅಂಗಡಿಯ ಕಾಕ ಎಲ್ಲ ಹುಡುಗಿಯರನ್ನೂ ‘ಮೋಳೆ’ ಎಂದೇ ಕರೆಯುತ್ತಿದ್ದರು. ಮಲಯಾಳದಲ್ಲಿ ಹಾಗೆಂದರೆ ಮಗಳೇ ಎಂದು.

“ಏನು ಬೇಕು ಮೋಳೆ?”

“ದೊಡ್ಡ ಮೀನು ಹಿಡ್ಕೊಂಡು ಗಾಳ ಬಿಡ್ಸೋ ಗ್ಲೌಸ್.”

ಕಾಕ ಮೂಗಿನ ಮೇಲಿದ್ದ ಕನ್ನಡಕವನ್ನು ಹಣೆಗೇರಿಸಿದರು. “ಗೋಡೆಗೆ ಬಣ್ಣ ಹೊಡೆಯೋಕೆ ಕೇಳ್ತಾರೆ, ಮುಳ್ಳುಬೇಲಿ ಕಟ್ಟೋಕೆ ಕೇಳ್ತಾರೆ. ಇದು ಮಾತ್ರ ಯಾರೂ ಕೇಳಿಲ್ಲ.” ಆದರೂ ಅವರು ಏಣಿ ಹತ್ತಿ ಒಂದು ಡಬ್ಬ ಇಳಿಸಿದರು. “ಗಾಜು ಹೊರೋರು ಇದನ್ನ ಹಾಕ್ತಾರೆ. ಚಾಕು ಎಳೆದ್ರೂ ಹರಿಯೋದಿಲ್ಲ. ಅಂಗೈಗೆ ರಬ್ಬರ್ ಇದೆ, ಜಾರೋದಿಲ್ಲ. ಆದ್ರೆ ಒಂದು ಮಾತು, ಸೂಜಿ ತರ ಚೂಪು ಇರೋದು ನೆಟ್ಟಗೆ ಚುಚ್ಚಿದ್ರೆ ಇದೂ ತಡೆಯೋದಿಲ್ಲ.”

ತೇಜಸ್ವಿನಿ ಅದನ್ನು ಹಾಕಿಕೊಂಡು ನೋಡಿದಳು. ಕೈಗೆ ಮೈಚರ್ಮದಂತೆ ಅಂಟಿಕೊಂಡಿತು. ಮಣಿಕಟ್ಟಿನಿಂದ ಮೇಲಕ್ಕೂ ಸ್ವಲ್ಪ ಇತ್ತು, ಬಾಳೆಯ ಹಲ್ಲು ತಾಗದ ಹಾಗೆ. ಪಟ್ಟಿ, ಗುಂಡಿ ಏನೂ ಇರಲಿಲ್ಲ. ಗಾಳ ಸಿಕ್ಕಿಕೊಂಡರೆ ಕೈಯನ್ನು ಸಟ್ಟನೆ ಹೊರಗೆ ಎಳೆದುಕೊಳ್ಳಬಹುದು. ಅವಳು ಅಂಗಡಿಯ ಮೇಜಿನಿಂದ ಒಂದು ಬೆಂಕಿಕಡ್ಡಿ ಎತ್ತಿ ನೋಡಿದಳು. ಸುಲಭವಾಗಿ ಬಂತು.

“ಇದೇ ಅಮ್ಮ! ಇದೇ!”

“ಬಿಳಿ ಇದೆ, ಕಪ್ಪು ಇದೆ. ಕಪ್ಪು ತಗೊಳ್ಳಿ. ಗಲೀಜಾದ್ರೂ ಕಾಣೋದಿಲ್ಲ” ಎಂದರು ಕಾಕ.

ಅಪ್ಪನ ಅಳತೆಯ ಕಪ್ಪು ಗ್ಲೌಸ್ ಕೊಂಡು ಅವರು ಮನೆಗೆ ಬಂದರು.

ಅಪ್ಪ ಅದನ್ನು ಹಾಕಿಕೊಂಡು ಕೈಯನ್ನು ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ನೋಡಿದ. “ಬೆಂಕಿಕಡ್ಡಿ ಎತ್ತು ಅಪ್ಪ, ಬರ್ತದೆ” ಎಂದಳು ತೇಜಸ್ವಿನಿ. ಅಪ್ಪ ಎತ್ತಲು ಹೋದ. ಕಡ್ಡಿ ಬಿತ್ತು. ಮತ್ತೆ ಹೋದ. ಮತ್ತೆ ಬಿತ್ತು.

“ದಪ್ಪ ಕಣವ್ವ ಇದು” ಎಂದ. ಆಮೇಲೆ ಸಣ್ಣ ದನಿಯಲ್ಲಿ, “ಕಪ್ಪೇ ಸಿಕ್ತಾ?” ಎಂದು ಕೇಳಿದ.

ತೇಜಸ್ವಿನಿಯ ಮುಖ ಬಾಡಿತು. ಅದನ್ನು ನೋಡಿ ಅಪ್ಪ ಗಡಿಬಿಡಿಯಿಂದ ಹೇಳಿದ: “ಚೆನ್ನಾಗದೆ, ಚೆನ್ನಾಗದೆ. ನನ್ನ ಮಗಳು ತಂದಿರೋದು ಅಂದ್ರೆ ಗಂಗಮ್ಮನೂ ಬ್ಯಾಡ ಅನ್ನಕ್ಕಿಲ್ಲ.”

ಅವತ್ತಿನಿಂದ ದಿನಾ ಬೆಳಗ್ಗೆ ಅಪ್ಪ ಗ್ಲೌಸ್ ಹಾಕಿಕೊಂಡೇ ಹೋಗುತ್ತಿದ್ದ. ವಾಪಸು ಬಂದ ಮೇಲೆ ಅದನ್ನು ತೊಳೆದು ಒಣಗಿಸುವುದು ತೇಜಸ್ವಿನಿಯ ಕೆಲಸ. ಮೀನಿನ ವಾಸನೆ ಹೋಗಲೆಂದು ನಿಂಬೆಸಿಪ್ಪೆ ಹಾಕಿ ಉಜ್ಜುತ್ತಿದ್ದಳು. ಶಾಲೆಗೆ ಹೋಗುವಾಗ ತಂತಿಯ ಮೇಲೆ ನೇತಾಡುವ ಆ ಎರಡು ಕಪ್ಪು ಕೈಗಳನ್ನು ನೋಡಿದರೆ ಅವಳಿಗೆ ಖುಷಿಯಾಗುತ್ತಿತ್ತು. ಅಮ್ಮನೂ ಈಗ ನೆಮ್ಮದಿಯಾಗಿ ಜೀಪು ಹತ್ತುತ್ತಿದ್ದಳು.

ಒಂದು ದಿನ ತೊಳೆಯುವಾಗ ಮಗ್ಗಿನ ನೀರು ಕೆಂಪಾಯಿತು.

ಮೀನಿನ ರಕ್ತ ಎಂದುಕೊಂಡಳು. ನೀರು ಚೆಲ್ಲಿ ಬೇರೆ ನೀರು ಹಾಕಿದಳು. ಮತ್ತೆ ಕೆಂಪಾಯಿತು. ಗ್ಲೌಸನ್ನು ಒಳಗು ಹೊರಗು ಮಾಡಿದಳು. ಎಡಗೈಯ ನಡುಬೆರಳಿನ ಒಳಗೆಲ್ಲ ಕಂದು ಬಣ್ಣ ಗಟ್ಟಿಯಾಗಿ ಅಂಟಿಕೊಂಡಿತ್ತು. ಕೆಟ್ಟ ವಾಸನೆ ಬಂತು. ಅದು ಮೀನಿನ ವಾಸನೆಯಾಗಿರಲಿಲ್ಲ.

ಅವಳು ಓಡಿದಳು.

ಅಪ್ಪ ಜಗಲಿಯಲ್ಲಿ ಕಾಲು ಚಾಚಿ ಕೂತು, ಟೀಯಲ್ಲಿ ಬನ್ ಅದ್ದಿ ತಿನ್ನುತ್ತಿದ್ದ.

“ಅಪ್ಪ, ಕೈ ತೋರ್ಸು.”

“ಯಾಕವ್ವ?”

“ತೋರ್ಸು ಅಂದ್ರೆ!”

ಎಡಗೈಯ ನಡುಬೆರಳು ಊದಿ ಹೊಳೆಯುತ್ತಿತ್ತು. ಬುಡದಲ್ಲಿ ಒಂದು ಕಪ್ಪು ಚುಕ್ಕೆ. ತೇಜಸ್ವಿನಿ ಬಗ್ಗಿ ನೋಡಿದಳು. ಅದು ಚುಕ್ಕೆ ಅಲ್ಲ, ಮುರಿದುಹೋದ ಮುಳ್ಳಿನ ತುದಿ.

“ಗಿರ್ಲು ಮುಳ್ಳು” ಎಂದ ಅಪ್ಪ. ತನ್ನ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದ.

“ಇವತ್ತು ಚುಚ್ತಾ?”

ಅಪ್ಪ ಬನ್ನನ್ನು ಕೆಳಗಿಟ್ಟ. ಯೋಚಿಸಿದ. “ಇವತ್ತು ಬರೀ ಬಾಳೆ ಸಿಕ್ಕಿದ್ದು ಮಗಾ. ಗಿರ್ಲು ಸಿಕ್ಕಿದ್ದು ನೆನ್ನೆ ಬೆಳಗ್ಗೆ.”

ನಿನ್ನೆ ಬೆಳಗ್ಗೆ! ನಿನ್ನೆಯಿಂದ ಮುಳ್ಳು ಬೆರಳಿನಲ್ಲೇ ಇತ್ತು. ಆ ಕೈಯಲ್ಲಿ ಅಪ್ಪ ಹುಟ್ಟು ಹಾಕಿದ್ದ. ಸಂಜೆ ಸೌದೆ ಒಡೆದಿದ್ದ. ಸೀಮೆಎಣ್ಣೆ ದೀಪದ ಗಾಜು ಒರೆಸಿದ್ದ. ರಾತ್ರಿ ಅವಳ ಪಕ್ಕದಲ್ಲೇ ಮಲಗಿ ಗೊರಕೆ ಹೊಡೆದಿದ್ದ.

“ನೋವಾಗ್ಲಿಲ್ವಾ ಅಪ್ಪ?”

ಅಪ್ಪ ಊದಿದ ಬೆರಳನ್ನು ಬಲಗೈಯಿಂದ ಒತ್ತಿ ನೋಡಿದ.

“ಅಪ್ಪ, ನೋವು ಆಗ್ಲೇ ಇಲ್ವಾ?”

“ಗೊತ್ತಾಗಕ್ಕಿಲ್ಲ ಮಗಾ” ಎಂದ ಅಪ್ಪ ಕೊನೆಗೆ. “ಹೋದ್ ವರ್ಷದಿಂದ ಹಿಂಗೇ. ಬೆರಳಿಂದ ಮಣಿಕಟ್ಟಿನವರೆಗೆ ಏನೂ ಗೊತ್ತಾಗಕ್ಕಿಲ್ಲ. ಬಿಸಿಯೂ ಇಲ್ಲ, ತಣ್ಣಗೂ ಇಲ್ಲ. ಕಂಬಳಿ ಸುತ್ಕೊಂಡಂಗೆ ಇರ್ತದೆ.”

ತೇಜಸ್ವಿನಿಗೆ ಆಸ್ಪತ್ರೆಯ ಕಿಟಕಿ ಕಣ್ಣಮುಂದೆ ಬಂತು. ಔಷಧಿ ಸುರಿದಾಗ ಅಪ್ಪ ಬಸ್ಸು ನೋಡುತ್ತಾ ಕೂತಿದ್ದನಲ್ಲ. ಅವನು ತಡೆದುಕೊಂಡಿರಲಿಲ್ಲ. ತಡೆದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

“ಅದಕ್ಕೇ ಬರಿಗೈ ಅಂತಿದ್ದೆ ಕಣವ್ವ” ಅಪ್ಪ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡ. “ಗಂಗಮ್ಮ ಗಿಂಗಮ್ಮ ಎಲ್ಲ ನೆಪ. ಬರಿಗೈ ಆದ್ರೆ ರಕ್ತ ಬಂದ್ರೆ ಕಣ್ಣಿಗೆ ಕಾಣ್ತದೆ. ಓ, ಚುಚ್ತು ಅಂತ ಗೊತ್ತಾಯ್ತದೆ. ಇದರೊಳಗೆ...” ತೇಜಸ್ವಿನಿಯ ಕೈಯಲ್ಲಿದ್ದ ಕಪ್ಪು ಗ್ಲೌಸಿನ ಕಡೆ ಕಣ್ಣು ಹಾಯಿಸಿದ.

“ಹೇಳ್ಬೇಕಿತ್ತು! ನನಗೆ ಯಾಕೆ ಹೇಳ್ಲಿಲ್ಲ?”

“ನೀನು ಅಷ್ಟು ಆಸೆಯಿಂದ ತಂದಿದ್ದೆ.”

ಅಮ್ಮ ಬಂದಾಗ ಅಪ್ಪ ಅವಳಿಗೂ ಹೇಳಲೇಬೇಕಾಯಿತು. ಅಮ್ಮ ಹೆಗಲಿನ ಚೀಲವನ್ನೂ ತೆಗೆಯದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಒಂದು ವರ್ಷದಿಂದ! ಒಬ್ರೇ ನೀರಿನ ಮೇಲೆ ಹೋಗ್ತಿದ್ರಿ. ನನಗೊಂದು ಮಾತು ಹೇಳ್ಲಿಲ್ಲ.”

“ಹೇಳಿದ್ರೆ ನೀನು ತೆಪ್ಪ ಮುಟ್ಟೋಕೆ ಬಿಡ್ತಿದ್ಯಾ? ಬೇರೆ ಯಾವ ಕೆಲ್ಸ ಬರ್ತದೆ ನಂಗೆ?”

ಅಮ್ಮ ಬಯ್ಯಲಿಲ್ಲ. ಎದ್ದು ಮುಖ ತೊಳೆದುಕೊಂಡು ಬಂದಳು. “ಏಳಿ, ಆಸ್ಪತ್ರೆಗೆ ಹೋಗಣ” ಎಂದಳು.

ಕುಶಾಲನಗರದಿಂದ ಅವರನ್ನು ಮಡಿಕೇರಿಗೆ ಕಳಿಸಿದರು. ತೇಜಸ್ವಿನಿ ಮೋಕ್ಷಿತಾಳ ಮನೆಯಲ್ಲಿ ಉಳಿದಳು. ಅಲ್ಲಿ ಅವಳಿಗೆ ಊಟ ಸೇರಲಿಲ್ಲ. ಮುಳ್ಳು ತೆಗೆದರಂತೆ ಎಂದು ಫೋನಿನಲ್ಲಿ ಗೊತ್ತಾಯಿತು. ಮರುದಿನ, ಕೀವು ಮೇಲೇರುತ್ತಿದೆಯಂತೆ ಎಂದು ಗೊತ್ತಾಯಿತು. ಅದರ ಮರುದಿನ ಅಮ್ಮ ಫೋನಿನಲ್ಲಿ ಏನೂ ಹೇಳದೆ, “ತಿಂಡಿ ತಿಂದ್ಯಾ? ತಲೆ ಬಾಚ್ಕೊಂಡ್ಯಾ?” ಎಂದಷ್ಟೇ ಕೇಳಿದಳು. ಆಗಲೇ ತೇಜಸ್ವಿನಿಗೆ ಅರ್ಥವಾಯಿತು.

ಅಪ್ಪ ಮನೆಗೆ ಬಂದಾಗ ಅವನ ಎಡಗೈಯಲ್ಲಿ ನಡುಬೆರಳು ಇರಲಿಲ್ಲ.

“ನೋಡು ಮಗಾ, ಇನ್ನು ನಂಗೆ ಉಗುರು ಕತ್ತರಿಸೋ ಕೆಲ್ಸ ಒಂದು ಕಮ್ಮಿ” ಎಂದ ಅಪ್ಪ. ಯಾರೂ ನಗಲಿಲ್ಲ. ಅಪ್ಪನೂ ಪೂರ್ತಿ ನಗಲಿಲ್ಲ.

ಶಾಲೆಯಲ್ಲಿ ಲೋಹಿತ್ ಮೆಲ್ಲಗೆ ಪಕ್ಕದಲ್ಲಿ ಬಂದು ಕೂತ. ಅವನಿಗೆ ತಮಾಷೆ ಮಾಡುವ ಮನಸ್ಸಿರಲಿಲ್ಲ, ಬರೀ ತಿಳಿದುಕೊಳ್ಳುವ ಆಸೆ. “ಬೆರಳು ತೆಗೆದಾಗ್ಲೂ ನಿಮ್ಮಪ್ಪ ಅಳ್ಲಿಲ್ವಾ ಕಣೇ?”

“ಮುಳ್ಳು ಚುಚ್ಚಿದಾಗ್ಲೇ ಅತ್ತಿದ್ರೆ ಚೆನ್ನಾಗಿತ್ತು” ಎಂದಳು ತೇಜಸ್ವಿನಿ.

ಕಪ್ಪು ಗ್ಲೌಸನ್ನು ಅವಳು ಹಿತ್ತಿಲ ಒಲೆಗೆ ಹಾಕಿದಳು. ಅದು ಸುಡುವಾಗ ಕೆಟ್ಟ ಹೊಗೆ ಬಂತು. ಅಮ್ಮ ಬಂದು ನೋಡಿದಳು.

“ನಾನು ಕಪ್ಪು ತಂದೆ ಅಮ್ಮ. ನಾನೇ ಆರ್ಸಿದ್ದು.”

ಅಮ್ಮ ಅವಳನ್ನು ಹತ್ತಿರ ಎಳೆದುಕೊಂಡಳು. ಅವಳ ಸೀರೆಯಲ್ಲಿ ಕಾಫಿ ಗಿಡದ ವಾಸನೆ ಇತ್ತು. “ಗೊತ್ತಿಲ್ದೆ ಆರ್ಸಿದ್ದು ಕಣಮ್ಮ. ನಾನೂ ಪಕ್ಕದಲ್ಲೇ ನಿಂತಿದ್ನಲ್ಲ. ಈಗ ಗೊತ್ತಾಗಿದೆ. ಈಗ ಆರ್ಸೋಣ.”

ಗಾಯ ಒಣಗಿದ ಮೇಲೆ ಅಪ್ಪ ಮತ್ತೆ ನೀರಿಗೆ ಹೋಗುವ ಮಾತೆತ್ತಿದ. ಅಮ್ಮ ಬೇಡ ಅನ್ನಲಿಲ್ಲ. ಆದರೆ ತೋರುಬೆರಳು ಎತ್ತಿ ಹೇಳಿದಳು: “ಇನ್ನು ತೆಪ್ಪದಲ್ಲಿ ಕೂತು ಒಬ್ರೇ ಮೀನು ಬಿಡ್ಸಂಗಿಲ್ಲ. ಗಾಳದ ದಾರ ಕತ್ತರಿಸ್ಕೊಂಡು, ಮೀನಿನ ಬಾಯಲ್ಲೇ ಗಾಳ ಇಟ್ಕೊಂಡು ದಡಕ್ಕೆ ತನ್ನಿ. ಬಿಡ್ಸೋದು ನಮ್ಮ ಕಣ್ಣೆದುರಿಗೆ, ಬೆಳಕಲ್ಲಿ.”

“ದಾರ ದಂಡ ಆಯ್ತದಲ್ಲೇ.”

“ಆಗ್ಲಿ.”

ಅಪ್ಪ ‘ಆಯ್ತು’ ಎಂದ. ಈ ಸಲದ ‘ಆಯ್ತು’ ಬೇರೆ ಥರ ಇತ್ತು.

ತೇಜಸ್ವಿನಿ ಮತ್ತೆ ಅಂಗಡಿಗೆ ಹೋದಳು. “ಅದೇ ಗ್ಲೌಸ್ ಕೊಡಿ ಕಾಕ. ಬಿಳಿ.”

“ಬಿಳಿ ಒಂದೇ ದಿನಕ್ಕೆ ಗಲೀಜಾಗ್ತದೆ ಮೋಳೆ.”

“ಕಾಣ್ಬೇಕು. ಅದಕ್ಕೇ.”

ಕಾಕ ಅವಳ ಮುಖ ನೋಡಿದರು. ಏನೂ ಕೇಳದೆ ಏಣಿ ಹತ್ತಿದರು.

ಮನೆಯಲ್ಲಿ ಅಪ್ಪ ಬಿಳಿ ಗ್ಲೌಸ್ ಹಾಕಿಕೊಂಡಾಗ ಎಡಗೈಯ ನಡುಬೆರಳು ಮಾತ್ರ ಖಾಲಿಯಾಗಿ ಜೋತುಬಿತ್ತು. “ಇದು ಗಾಳಕ್ಕೆ ಸಿಕ್ಕೊಳ್ತದೆ, ಹೊಲಿದುಬಿಡಣ” ಎಂದಳು ತೇಜಸ್ವಿನಿ. ಖಾಲಿ ಬೆರಳನ್ನು ಒಳಕ್ಕೆ ಮಡಚಿ ಅವಳೇ ಸೂಜಿ ಹಿಡಿದಳು. ಬಟ್ಟೆ ಗಟ್ಟಿಯಿತ್ತು. ಒತ್ತಿದಳು. ಸೂಜಿ ಜಾರಿ ಹೆಬ್ಬೆರಳಿಗೆ ಚುಚ್ಚಿತು.

“ಅಮ್ಮಾ!”

ಅಪ್ಪ ತಟ್ಟನೆ ಎದ್ದು ಬಂದ. ಅವಳ ಹೆಬ್ಬೆರಳು ಹಿಡಿದು ನೋಡಿದ. ತುದಿಯಲ್ಲಿ ಸಾಸಿವೆಯಷ್ಟು ರಕ್ತ ಇತ್ತು.

“ಉರೀತದಾ?”

“ಹೂಂ. ತುಂಬಾ.”

“ಹೆಂಗೆ ಉರೀತದೆ?” ಎಂದು ಕೇಳಿದ ಅಪ್ಪ.

ಅಪ್ಪ ನಿಜವಾಗಿಯೂ ಕೇಳುತ್ತಿದ್ದಾನೆ ಎಂದು ತೇಜಸ್ವಿನಿಗೆ ಅನ್ನಿಸಿತು. ಅವಳು ಕಣ್ಣೀರು ಒರೆಸಿಕೊಂಡು ಯೋಚಿಸಿ ಹೇಳಿದಳು: “ಮೊದ್ಲು ಚುಳ್ ಅಂತು. ಈಗ ಒಳಗೆ ಟಕ್ ಟಕ್ ಅಂತಿದೆ.”

“ಹೌದು ಹೌದು” ಎಂದ ಅಪ್ಪ. “ಹಂಗೇ ಇರ್ತಿತ್ತು.”

ಅಪ್ಪ ಮತ್ತೆ ನೀರಿಗೆ ಹೋದ ಮೊದಲ ದಿನ ಅಮ್ಮ ಜೀಪು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ತೇಜಸ್ವಿನಿಯೇ ದಡದಲ್ಲಿ ಕಾದಳು. ಬಿಸಿಲು ಬಿದ್ದ ಮೇಲೆ ಹೋಗಿದ್ದ ತೆಪ್ಪ, ನಿಧಾನವಾಗಿ ಸುತ್ತುತ್ತಾ ವಾಪಸು ಬಂತು. ಅದರ ತಳದಲ್ಲಿ ಅವಳ ಕಾಲಿನಷ್ಟುದ್ದದ ಬಾಳೆ ಮೀನು ಬಿದ್ದಿತ್ತು. ಬಾಯಿಂದ ಕತ್ತರಿಸಿದ ದಾರ ಇಳಿಬಿದ್ದಿತ್ತು.

ಅಪ್ಪ ಅದನ್ನು ಮರಳಿನ ಮೇಲೆ ಇಟ್ಟ. ಎಡಗೈಯಲ್ಲಿ ಕಿವಿರಿನ ಹಿಂದೆ ಅಮುಕಿದ. ಮೀನು ಬಾಲ ಬಡಿಯಿತು, ಮರಳು ಹಾರಿತು. ಆದರೆ ಕೈ ಜಾರಲಿಲ್ಲ. ಅಪ್ಪ ಇಕ್ಕಳವನ್ನು ಬಾಯೊಳಗೆ ಇಳಿಸಿ, ತಿರುಗಿಸಿ, ಎಳೆದ. ಗಾಳ ಬಂತು. ಅದರ ಜೊತೆಗೆ ರಕ್ತವೂ ಬಂತು. ಬಿಳಿ ಗ್ಲೌಸಿನ ಅಂಗೈ ಪೂರ್ತಿ ಕೆಂಪಾಯಿತು.

ಅಪ್ಪ ಅದನ್ನು ನೋಡಿದ. ತೇಜಸ್ವಿನಿಯನ್ನು ನೋಡಿದ.

“ಮೀನಿಂದೋ, ನಂದೋ?”

ಅವಳಿಗೂ ಗೊತ್ತಾಗಲಿಲ್ಲ. “ನೀರಲ್ಲಿ ಅದ್ದು ಅಪ್ಪ” ಎಂದಳು. “ಮೀನಿಂದಾದ್ರೆ ಹೋಗ್ತದೆ. ನಿಂದಾದ್ರೆ ಮತ್ತೆ ಬರ್ತದೆ.”

ಇಬ್ಬರೂ ನೀರಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಅಪ್ಪ ಕೈಯನ್ನು ನೀರಿನೊಳಗೆ ಆಡಿಸಿದ. ಕೆಂಪು ಹೊಗೆಯಂತೆ ಬಿಡಿಸಿಕೊಂಡು ಹೋಯಿತು. ಅವನು ಕೈಯನ್ನು ಮೇಲೆತ್ತಿ ಬಿಸಿಲಿಗೆ ಹಿಡಿದ. ನಾಲ್ಕು ಬೆರಳಿನ ಬಿಳಿ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಇಬ್ಬರೂ ಕಾದರು.

ಅಪ್ಪ ಉಸಿರು ಬಿಗಿಹಿಡಿದಿದ್ದ. ಇಷ್ಟು ದಿನ ಒಬ್ಬನೇ ನೀರಿನ ನಡುವೆ ಹೀಗೇ ಕೂತು, ಹೀಗೇ ಕೈ ನೋಡಿಕೊಂಡು ಹೆದರುತ್ತಿದ್ದನೇನೋ ಎಂದು ತೇಜಸ್ವಿನಿಗೆ ಅನ್ನಿಸಿತು.

ಗ್ಲೌಸ್ ಬೆಳ್ಳಗೇ ಉಳಿಯಿತು.

ಅವಳು ಆ ಒದ್ದೆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಪ್ಪ ಇನ್ನೂ ನೀರನ್ನೇ ನೋಡುತ್ತಿದ್ದ. ಅವಳು ಹಿಡಿದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

ತೇಜಸ್ವಿನಿ ತನ್ನ ಕೈಯನ್ನು ಮೆಲ್ಲಗೆ ಮೇಲಕ್ಕೆ ಸರಿಸಿದಳು. ಗ್ಲೌಸ್ ದಾಟಿ, ಮಣಿಕಟ್ಟು ದಾಟಿ, ಮೊಣಕೈ ಹತ್ತಿರ ಬರಿಮೈ ಸಿಕ್ಕಿದಲ್ಲಿ ಒತ್ತಿ ಹಿಡಿದಳು.

ಅಪ್ಪ ಅವಳ ಕಡೆ ತಿರುಗಿದ.